ಬೆಂಕಿ ಸಾಸಿನ ಫಲಕದಿಂದ ನನ್ನ ಫೋಟೋ ಇಳಿಸುವ ಕುರಿತು

ಇಂದ:
ಬರ್ಗರ್ ಕಾವಲಿಯ ಅಡುಗೆಯವನು,
ತಮ್ಮದೇ ಹೋಟೆಲು, ಹಿಂಬಾಗಿಲ ಕಡೆ.

ಗೆ:
ಮಾನ್ಯ ಯಜಮಾನರು,
ಅದೇ ಹೋಟೆಲು, ಮುಂಬಾಗಿಲ ಕಡೆ.

ಮೂಲಕ:
ತರಕಾರಿ ಮೇಜಿನ ಮುಖ್ಯಸ್ಥೆ (ಅರ್ಜಿದಾರನ ಹೆಂಡತಿ).

ವಿಷಯ: ಕೆರಿಬಿಯನ್ ಶೈಲಿಯ ಖಾರದ ಸಾಸನ್ನು ನಾನು ಮಾಡಿಲ್ಲವೆಂದು ದಾಖಲಿಸಿಕೊಳ್ಳುವ ಬಗ್ಗೆ.

ಉಲ್ಲೇಖ:
1. ತಾವು ಚಮಚ ನೆಕ್ಕುತ್ತಾ ಕೇಳಿದ ಪ್ರಶ್ನೆ: "ಯಾರಯ್ಯಾ ಮಾಡಿದ್ದು?"
2. ನಾನು ಕೊಟ್ಟ ಉತ್ತರ: "ನಾನೇ ಸಾರ್."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಉಲ್ಲೇಖ 2 ಅಪ್ಪಟ ಸುಳ್ಳು. ವಿವರ ಕೆಳಕಂಡಂತಿದೆ.

1. ಬರ್ಗರಿಗೆ ಹೊಸ ಸಾಸು ಬೇಕು, ಕೆರಿಬಿಯನ್ ಕಡೆಯದ್ದರ ಹಾಗೆ ಮಾವು, ಮೆಣಸಿನಕಾಯಿ ಹಾಕಿದ್ದು, ಸುಲಭದ್ದಾಗಿರಲಿ ಎಂದು ತಾವು ಆಜ್ಞಾಪಿಸಿದಿರಿ. ಅದರಂತೆ ಮಾವಿನಹಣ್ಣಿನ ತಿರುಳು, ಈರುಳ್ಳಿ, ಬೆಳ್ಳುಳ್ಳಿ, ಸಾಸಿವೆ, ವಿನೆಗರ್, ಜೊತೆಗೆ ಬುಗುರಿಯಂತೆ ಕುಳ್ಳಗಿರುವ ಆ ಹಳದಿ ಮೆಣಸಿನಕಾಯಿ ಒಂದೇ ಒಂದು, ಎಲ್ಲವನ್ನೂ ಒಟ್ಟಿಗೆ ಕುದಿಸಿ ರುಬ್ಬಿದೆ. ಒಂದೇ ಏಕೆಂದರೆ ನನಗೆ ಹೆದರಿಕೆ. ಸದರಿ ಹೆದರಿಕೆಯನ್ನು ಯಾರಿಗೂ ತಿಳಿಸಿರಲಿಲ್ಲ.

2. ಬನ್ನಿನ ಗಾಡಿ ಬಂತೆಂದು ನಾನು ಹಿಂಬಾಗಿಲಿಗೆ ಹೋಗಿದ್ದಾಗ, ನನ್ನ ಹೆಂಡತಿ ಸಾಸಿಗೆ ಚಮಚ ಅದ್ದಿ, "ಇದೇನ್ರೀ, ಮಕ್ಕಳ ಕೆಮ್ಮಿನ ಔಷಧಿ ಇದ್ದ ಹಾಗಿದೆ!" ಎಂದು ಕೂಗಿದ್ದು ಕೇಳಿಸಿತು. ನಾನು ಒಳಗೆ ಬರುವಷ್ಟರಲ್ಲಿ ಅವಳು ಇನ್ನಷ್ಟು ಮೆಣಸಿನಕಾಯಿಗಳನ್ನು ನನ್ನದೇ ಕಾವಲಿಯ ಮೇಲೆ ಕಪ್ಪಾಗುವಂತೆ ಸುಟ್ಟು, ಸಕ್ಕರೆಯನ್ನು ಕೆಂಪಗೆ ಕರಗಿಸಿ, ನಿಂಬೆರಸ ಹಿಂಡಿ, ಎಲ್ಲವನ್ನೂ ಸೇರಿಸಿ ಮುಗಿಸಿದ್ದಳು. ಎಷ್ಟೆಷ್ಟು ಹಾಕಿದಳೆಂದು ನಾನು ಕೇಳಲಿಲ್ಲ. ಕೇಳಬೇಕೆಂದು ಆಗ ಅನ್ನಿಸಲೂ ಇಲ್ಲ.

3. ಅಷ್ಟರಲ್ಲಿ ತಾವು ಬಂದಿರಿ, ರುಚಿ ನೋಡಿದಿರಿ, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಮಚ ಕೇಳಿದಿರಿ. ಆಗ ಉಲ್ಲೇಖ 1 ಮತ್ತು 2 ನಡೆದವು. ಅವಳು ಎರಡು ಮಾರು ದೂರದಲ್ಲಿ ಎಲೆಕೋಸು ಹೆಚ್ಚುತ್ತಿದ್ದಳು. ಚಾಕು ಒಂದು ಕ್ಷಣ ನಿಂತಿತು, ಆಮೇಲೆ ಮೊದಲಿಗಿಂತ ಜೋರಾಗಿ ಆಡತೊಡಗಿತು. ಆ ಎಲೆಕೋಸು ಅಷ್ಟು ಸಣ್ಣಗೆ ಬೇಕಿರಲಿಲ್ಲ.

4. ಮರುದಿನವೇ ತಾವು, ನಾನು ಕೈಕಟ್ಟಿ ನಿಂತ ಫೋಟೋ ತೆಗೆಸಿ, "ನಮ್ಮ ಬಾಣಸಿಗನ ಬೆಂಕಿ ಸಾಸ್" ಎಂದು ಬಾಗಿಲ ಪಕ್ಕ ಆಳೆತ್ತರದ ಫಲಕ ಹಾಕಿಸಿದಿರಿ. ಮುಚ್ಚಿಡುವುದೇಕೆ, ನಾನು ಹಿಗ್ಗಿ ಹೀರೇಕಾಯಿಯಾದೆ. ಫಲಕದ ಮುಂದೆ ಹಾದುಹೋಗುವಾಗ ಹೊಟ್ಟೆ ಒಳಗೆಳೆದುಕೊಳ್ಳುವುದನ್ನೂ ರೂಢಿ ಮಾಡಿಕೊಂಡೆ.

5. ಅಂದಿನಿಂದ ಇಂದಿನವರೆಗೆ, ಒಟ್ಟು ಹತ್ತೊಂಬತ್ತು ದಿನ, ಅವಳು ನನ್ನನ್ನು "ರೀ" ಎಂದು ಕರೆದಿಲ್ಲ. ಮನೆಯಲ್ಲಿ ಗೋಡೆಗೆ ಹೇಳುತ್ತಾಳೆ: "ಊಟ ಆಗಿದೆ. ಫೋಟೋದವರಿಗೆ ಹಸಿವಿದ್ರೆ ಬಂದು ತಿನ್ಲಿ." ತಪ್ಪಾಯಿತೆಂದು ಹೇಳಲು ನಾನು ಬಾಯಿ ತೆರೆದಾಗಲೆಲ್ಲ ಮಿಕ್ಸಿ ಹಾಕುತ್ತಾಳೆ. ಮಿಕ್ಸಿಯಲ್ಲಿ ಏನೂ ಇರುವುದಿಲ್ಲ.

6. ಇತ್ತ ಆ ಮೊದಲ ಪಾತ್ರೆ ಖಾಲಿಯಾದ ಕಾರಣ, ಅದೇ ಸಾಸನ್ನು ಮತ್ತೆ ಮಾಡಲು ಏಳು ಸಲ ಪ್ರಯತ್ನಿಸಿದೆ. ಮೂರನೆಯದನ್ನು ಭಾವಮೈದನ ಮೇಲೆ ಪ್ರಯೋಗಿಸಲಾಗಿ, ಅವನು ಎರಡು ಜಗ್ಗು ನೀರು ಕುಡಿದು, "ಅಕ್ಕನ ಹತ್ರ ರಾಜಿ ಮಾಡ್ಕೊಳ್ಳಿ ಭಾವ, ನನ್ನ ಪ್ರಾಣ ಯಾಕೆ ತಿಂತೀರಾ?" ಎಂದನು. ಐದನೆಯ ಸಲ ಮೆಣಸಿನಕಾಯಿ ಹೆಚ್ಚಿದ ಕೈಯಲ್ಲೇ ಕಣ್ಣುಜ್ಜಿಕೊಂಡೆ. ಧಾರಾಕಾರ ಕಣ್ಣೀರು. ಪಶ್ಚಾತ್ತಾಪವೆಂದು ತಿಳಿದು ಅವಳ ಮುಖ ಸ್ವಲ್ಪ ಮೆತ್ತಗಾಯಿತು. ಹೆಚ್ಚುವ ಹಲಗೆ ನೋಡಿದ ಮೇಲೆ ಪುನಃ ಗಟ್ಟಿಯಾಯಿತು. ನಿಜಕ್ಕೂ ಅತ್ತಿದ್ದು ಮರುದಿನ, ಫ್ರೀಜರ್ ಕೋಣೆಯಲ್ಲಿ, ತೊಳೆದ ಕೈಯಲ್ಲಿ. ಅದನ್ನು ಯಾರೂ ನೋಡಲಿಲ್ಲ.

7. ನಿನ್ನೆ ಹನ್ನೊಂದು ಬರ್ಗರ್‌ಗಳು ಅರ್ಧಕ್ಕೇ ವಾಪಸು ಬಂದವು. "ಏನಯ್ಯಾ, ನಿನ್ನ ಕೈರುಚಿ ಎಲ್ಲಿ ಹೋಯ್ತು?" ಎಂದು ತಾವು ಗದರಿದಿರಿ. ಕೈರುಚಿ ಎಲ್ಲಿಗೂ ಹೋಗಿಲ್ಲ ಸಾರ್. ತರಕಾರಿ ಮೇಜಿನ ಹತ್ತಿರ ಬೆನ್ನು ತಿರುಗಿಸಿಕೊಂಡು ನಿಂತಿದೆ.

ಆದಕಾರಣ, ದಯಮಾಡಿ ಫಲಕದಿಂದ ನನ್ನ ಫೋಟೋ ಇಳಿಸಿ ಅವಳದನ್ನು ಹಾಕಿಸಬೇಕು; ಸಾಸಿನ ಪೂರ್ತಿ ಉಸ್ತುವಾರಿಯನ್ನು ಅವಳಿಗೆ ವಹಿಸಬೇಕು; ನನ್ನನ್ನು ಅವಳ ಕೈಕೆಳಗೆ ಈರುಳ್ಳಿ ಹೆಚ್ಚಲು ಹಾಕಬೇಕು, ಏಕೆಂದರೆ ಅಲ್ಲಿ ಅತ್ತರೆ ಯಾರೂ ಕಾರಣ ಕೇಳುವುದಿಲ್ಲ.

ಎಲ್ಲರಿಗಿಂತ ಹಿರಿಯ ನೌಕರರು ಓದಿ ಷರಾ ಬರೆಯದ ಅರ್ಜಿಯನ್ನು ತಾವು ಮುಟ್ಟುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಸೇರಿದವಳು ಅವಳೇ. ಆದ್ದರಿಂದ ಇದು ತಮ್ಮ ಕೈಗೆ ಬಂದಿದ್ದರೆ, ಅವಳು ಇಷ್ಟನ್ನೂ ಮಿಕ್ಸಿ ಹಾಕದೆ ಓದಿದ್ದಾಳೆಂದು ಅರ್ಥ. ಆ ನಿಯಮ ಮಾಡಿದ ತಮಗೆ ನಾನು ಋಣಿ. ಮಿಕ್ಕ ಕೋರಿಕೆಗಳನ್ನು ತಾವು ಕಸದಬುಟ್ಟಿಗೆ ಹಾಕಿದರೂ ನನ್ನ ಅಭ್ಯಂತರವಿಲ್ಲ.

ತಮ್ಮ ವಿಶ್ವಾಸಿ,
(ಮನೆಯಲ್ಲಿ ಸದ್ಯಕ್ಕೆ ವಿಶ್ವಾಸಕ್ಕೆ ಅನರ್ಹ)
ಬರ್ಗರ್ ಅಡುಗೆಯವನು

ಲಗತ್ತುಗಳು:
1. ಏಳನೆಯ ಪ್ರಯತ್ನದ ಸಾಸು, ಸಣ್ಣ ಬಾಟಲಿ (ರುಚಿ ನೋಡುವುದು ಕಡ್ಡಾಯವಲ್ಲ).
2. ಫಲಕದ ನಾಲ್ಕು ಮೊಳೆ, ಮುಂಚಿತವಾಗಿ ಕಿತ್ತಿದ್ದು. ಫಲಕ ಸದ್ಯ ಗೋಡೆಗೆ ಒರಗಿಕೊಂಡಿದೆ.

ತರಕಾರಿ ಮೇಜಿನ ಮುಖ್ಯಸ್ಥೆಯ ಷರಾ:

ಓದಿದೆ ಸಾರ್. ಎರಡನೇ ಅಂಶದಲ್ಲಿ ಲೆಕ್ಕ ಬಿಟ್ಟುಹೋಗಿದೆ. ಮೆಣಸಿನಕಾಯಿ ಐದು, ಬೀಜ ತೆಗೆದು. ನನ್ನ ಫೋಟೋ ಏನೂ ಬೇಡ, ಕೈಕಟ್ಟಿ ನಿಲ್ಲೋಕೆ ನನಗೆ ಪುರುಸೊತ್ತಿಲ್ಲ. ಈರುಳ್ಳಿಗೆ ಇವರನ್ನು ಕಳಿಸಿ. ದಪ್ಪದಪ್ಪ ಹೆಚ್ತಾರೆ, ನಾನು ತಿದ್ಕೋತೀನಿ.

ರೀ, ನಾಳೆ ಮೆಣಸಿನಕಾಯಿ ಮುಟ್ಟೋವಾಗ ಕೈಗವಸು ಹಾಕ್ಕೊಳ್ಳಿ.