ಮುಶಿಗೇರಿಯ ಕಾಲು

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆಯುವ ಧೈರ್ಯ ಕಾರಕೂನನಿಗೆ ಇರುವುದಿಲ್ಲ; ಅದಕ್ಕೇ ನಾನು ಇಂಗ್ಲೀಷು ಕಲಿತೆ. ನರಗುಂದದ ಗುಡ್ಡದ ಮೇಲೆ ಇನ್ನೂ ಅರಸರಿದ್ದ ಕಾಲ ಅದು. ರೋಣದ ಕಚೇರಿಯಲ್ಲಿ ಇಂಗ್ಲೀಷು ಬಲ್ಲವನು ನಾನೊಬ್ಬನೇ. ಎಷ್ಟು ಬಲ್ಲೆನೆಂದು ಪರೀಕ್ಷಿಸುವವರು ಇರಲಿಲ್ಲವಾದ್ದರಿಂದ ಚೆನ್ನಾಗಿಯೇ ಬಲ್ಲೆ.

ಒಮ್ಮೆ ಧಾರವಾಡದ ಸಾಹೇಬರು ಪತ್ರ ಬರೆದು ಕೇಳಿದರು: ಮುಶಿಗೇರಿಯಲ್ಲಿ ಡೇರೆ ಹಾಕಬೇಕೆಂದಿದ್ದೇನೆ, ಈ ವಾರ ಮಳೆ ಬಂದೀತೇ? ನಾನು 'ಟೈಮ್ ವಿಲ್ ಟೆಲ್' ಎಂದು ಬರೆದೆ. ಒಂದಕ್ಷರ ತಪ್ಪಿರಲಿಲ್ಲ. ಆದರೆ ಅರ್ಥ ಕೇಳದೆ ನಮ್ಮ ಶಿರಸ್ತೇದಾರರು ರುಜು ಹಾಕುವವರಲ್ಲ.

"ಕಾಲ ಹೇಳತೈತಿ ಅಂತ ಬರದೇನ್ರಿ" ಎಂದೆ.

"ಖರೇ. ನಮ್ಮ ಮಾವಗೂ ಮಳಿ ಬರೂಮುಂದ ಮೊಣಕಾಲ ಸೆಳೀತಿತ್ತು. ಇದು ಯಾರ ಕಾಲ?"

ಹತ್ತು ಜನರ ಮುಂದೆ ಮೇಲಧಿಕಾರಿಯನ್ನು ತಿದ್ದಿದರೆ ನನ್ನ ಚಾಕರಿಯ ಗತಿಯೇನು? ಬಾಯಿಗೆ ಬಂದ ಹೆಸರು ಹೇಳಿಬಿಟ್ಟೆ: "ಮುಶಿಗೇರಿ ಪಿಂಜಾರ ಇಮಾಮಸಾಬಂದ್ರಿ." ಆ ಮುದುಕ ಕುಂಟುವುದನ್ನು ಹಿಂದೊಮ್ಮೆ ನೋಡಿದ್ದೆ, ಅಷ್ಟೇ.

"ಲಗೂನ ಕರಕೊಂಡ ಬಾ."

ಚಕ್ಕಡಿ ಕಟ್ಟಿಸಿಕೊಂಡು ಹೋದೆ. ಇಮಾಮಸಾಬ ಅರಳೆ ಹಿಂಜುತ್ತಿದ್ದ.

"ಅಜ್ಜಾ, ನಿಮ್ಮ ಕಾಲ ಕಚೇರಿಗೆ ಬೇಕಾಗೇತಿ."

"ಕಾಲ ಒಂದ ಒಯ್ತೀರ್ಯೋ, ನಾನೂ ಬರಬೇಕೋ?"

ಕಚೇರಿಯಲ್ಲಿ ಅವನ ಕಾಲನ್ನು ಲೋಡಿನ ಮೇಲಿಟ್ಟು, ಅವನನ್ನು ನೆಲಕ್ಕೆ ಕೂರಿಸಿದರು. ಮುದುಕ ಮೊಣಕಾಲು ಸವರಿಕೊಂಡು "ನಾಳಿ ಮಧ್ಯಾಹ್ನ" ಎಂದ. ಹಾಗೆಂದೇ ಸಾಹೇಬರಿಗೆ ಬರೆದೆವು. ಮರುದಿನ ಮಧ್ಯಾಹ್ನ ಕಚೇರಿ ಸೋರುವಂತೆ ಮಳೆ ಬಿತ್ತು. ಸಾಹೇಬರಿಂದ ಮೆಚ್ಚುಗೆ ಬಂತು. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಕಾಲಿನ ಅಭಿಪ್ರಾಯ ತರುವ ಕೆಲಸ ನನ್ನ ಪಾಲಿಗೆ ಬಿತ್ತು.

ವರ್ಷ ತುಂಬುವುದರೊಳಗೆ ನರಗುಂದದ ಹಕೀಮನೊಬ್ಬ ಎಣ್ಣೆ ಕೊಟ್ಟು ಇಮಾಮಸಾಬನ ಮೊಣಕಾಲು ವಾಸಿಮಾಡಿದ. ಮುದುಕ ನೆಟ್ಟಗೆ ನಡೆಯತೊಡಗಿದ್ದು ಕೇಳಿ ಶಿರಸ್ತೇದಾರರು ನನ್ನನ್ನು ಕರೆಸಿದರು.

"ಸರಕಾರಿ ಕಾಲ ನಿನ್ನ ಸುಪರ್ದಿನಾಗಿತ್ತು. ಹ್ಯಾಂಗ ಗುಣ ಆಗಾಕ ಬಿಟ್ಟಿ? ಇನ್ನ ಹೇಳವರ ಯಾರು?"

ನನ್ನ ಕೈ ತಾನಾಗಿ ಮೊಣಕಾಲಿಗೆ ಹೋಯಿತು. "ನಿನ್ನೆಯಿಂದ ನನಗೂ ಸೆಳ್ಯಾಕತ್ತೇತ್ರಿ."

ಹೀಗೆ ಕುಂಟುವುದು ನನ್ನ ಉದ್ಯೋಗವಾಯಿತು. ಬಿತ್ತುವ ಮೊದಲು ರೈತರು ಓಣಿಯಲ್ಲಿ ನಿಂತು ನನ್ನ ನಡಿಗೆ ನೋಡುತ್ತಾರೆ. ಮಳೆಯೂ ಎರಡು ಸಲ ಮರ್ಯಾದೆ ಉಳಿಸಿದೆ. ಮೊನ್ನೆ ಮಾತ್ರ ಶಿರಸ್ತೇದಾರರು ತಡೆದು ನಿಲ್ಲಿಸಿದರು.

"ನಿನ್ನೆ ಎಡಗಾಲ ಕುಂಟತಿದ್ದಿ. ಇವತ್ತ ಬಲಗಾಲ ಯಾಕ?"

"ಎಡಗಾಲ ನರಗುಂದದ ಕಡಿ ಮಳೀದ್ರಿ. ಬಲಗಾಲ ಗಜೇಂದ್ರಗಡದ್ದು."

ಅವರಿಗೆ ಭಾಳ ಸಂತೋಷವಾಯಿತು. ಕೂಡಲೇ ದಫ್ತರಕ್ಕೆ ಬರೆಸಿದರು. ಈಗ ಎರಡೂ ಕಾಲು ಕುಂಟಿಸುತ್ತ ಕಚೇರಿಗೆ ಹೋಗುತ್ತೇನೆ. ದಾರಿಯಲ್ಲಿ ಇಮಾಮಸಾಬ ಸಿಕ್ಕರೆ, ಪಾಪ, ಕೈ ಹಿಡಿದು ನಡೆಸುತ್ತಾನೆ.