ಕಟ್ಟೆಯಲ್ಲಿ ಹೂತ ಹಸು

"ಈ ಸಲದ ನೀಲಿ ರಿಬ್ಬನ್ ನನ್ನದೇ! ಬೇಕಾದ್ರೆ ಗೋಡೆ ಮೇಲೆ ಬರೆದಿಟ್ಕೋ!" ಎಂದು ಕ್ಲೈವ್ ಚಹಾದ ಮಗ್ಗನ್ನು ಮೇಜಿಗೆ ಕುಟ್ಟಿ ಘೋಷಿಸಿದ.

"ಗೋಡೆಗೆ ಮೊನ್ನೆ ತಾನೇ ಬಣ್ಣ ಬಳಿದಿದೀನಿ," ಎಂದಳು ಹೆಂಡತಿ ಗ್ಲೆನಿಸ್, ತಲೆ ಕೂಡ ಎತ್ತದೆ. "ಹೋದ ವರ್ಷಾನೂ ನೀನು ಇದನ್ನೇ ಹೇಳಿದ್ದೆ. ನಿನ್ನ ಫೋಟೋದಲ್ಲಿ ಬಾತುಕೋಳಿ ಎಲ್ಲಿದೆ ಅಂತ ಜನ ಇನ್ನೂ ಹುಡುಕ್ತಿದಾರೆ."

ವಾಲರೂ ಕ್ರೀಕ್ ಊರಿನ ಕೃಷಿ ಪ್ರದರ್ಶನದಲ್ಲಿ ಕುಂಬಳಕಾಯಿ, ಕೇಕು, ಟಗರು, ಹೋರಿಗಳಿಗೆ ಇರುವಂತೆ ಫೋಟೋಗಳಿಗೂ ಸ್ಪರ್ಧೆ ಉಂಟು. ಅದರಲ್ಲಿ ಕೆರೆಕಟ್ಟೆಯ ಪ್ರಾಣಿಪಕ್ಷಿಗಳ ವಿಭಾಗದ ಮೊದಲ ಬಹುಮಾನದ ನೀಲಿ ರಿಬ್ಬನ್ನನ್ನು ಮೂರು ವರ್ಷದಿಂದ ಹೊಡೆಯುತ್ತಿರುವವನು ಲಿಂಡ್ಸೆ. ಗ್ಲೆನಿಸಳ ಅಣ್ಣ, ಬೇಲಿಯಾಚೆಯ ಜಮೀನಿನವನು. ಒಂದು ಕ್ಯಾಮೆರಾ ಕೂಡ ಇಲ್ಲದ ಆಸಾಮಿ, ಗಾಜು ಬಿರುಕು ಬಿಟ್ಟ ಫೋನಿನಲ್ಲಿ ತೆಗೆಯುತ್ತಾನೆ! ಹೋಗಲಿ, ಗೆದ್ದವನು ಸುಮ್ಮನಿರಬೇಕೋ ಬೇಡವೋ? ಕ್ರಿಸ್‌ಮಸ್ ಊಟಕ್ಕೆ ಮೂರೂ ರಿಬ್ಬನ್ನುಗಳನ್ನು ಟೋಪಿಗೆ ಸಿಕ್ಕಿಸಿಕೊಂಡು ಬರುತ್ತಾನೆ. ಎದುರಿಗೆ ಕೂತ ಕ್ಲೈವನಿಗೆ ಕೋಳಿ ಗಂಟಲಲ್ಲಿ ಇಳಿಯುವುದಿಲ್ಲ.

ಆದರೆ ಈ ಬಾರಿ ಕ್ಲೈವನ ಹತ್ತಿರ ಬ್ರಹ್ಮಾಸ್ತ್ರವಿತ್ತು. ಅವನ ದನಗಳು ನೀರು ಕುಡಿಯುವ ಕಟ್ಟೆಗೆ ತೊರೆಯಿಂದ ಒಂದು ಪ್ಲಾಟಿಪಸ್, ಬಾತಿನ ಕೊಕ್ಕು ಹೊತ್ತ ಆ ತುಪ್ಪಳದ ನಾಚಿಕೆ ಪ್ರಾಣಿ, ಬಂದು ಸೇರಿಕೊಂಡಿತ್ತು. ಕಷ್ಟ ಇಷ್ಟೇ: ಅದಕ್ಕೆ ಕ್ಲೈವನ ಮುಖ ಕಂಡರೆ ಆಗದು. ದಡದಲ್ಲಿ ಅವನ ಟೋಪಿ ಕಂಡರೆ ಸಾಕು, ಗುಳುಂ! ದನಗಳು ಬಂದರೆ ಮಾತ್ರ ಅವುಗಳ ಮೂಗಿನಡಿಯಲ್ಲೇ ಆರಾಮಾಗಿ ಈಜಾಡುತ್ತದೆ. ಮರುದಿನವೇ ಸ್ಪರ್ಧೆಗೆ ಫೋಟೋ ಕೊಡಲು ಕಡೇ ದಿನ. ಕ್ಲೈವನ ತಲೆಯಲ್ಲಿ ಫಕ್ಕನೆ ದೀಪ ಹೊತ್ತಿತು. ಹೊತ್ತಬಾರದಿತ್ತು.

ನಡುಮನೆಯಲ್ಲಿ ಹಾಸಿದ್ದ ಕಂದು ಬಿಳಿ ಮಚ್ಚೆಯ ಹಸುವಿನ ಚರ್ಮವನ್ನು ಸುತ್ತಿ ಹೆಗಲಿಗೇರಿಸಿದ.

"ಎಲ್ಲಿಗೆ ಹೊತ್ಕೊಂಡು ಹೋಗ್ತಿದೀಯ ಅದನ್ನ?"

"ಕಲಾಸೇವೆಗೆ!"

"ಅದು ನಮ್ಮಮ್ಮ ಕೊಟ್ಟಿದ್ದು! ಒಂದು ಚೂರು ಕೆಸರಾಗಲಿ, ಆ ಜಾಗದಲ್ಲಿ ನಿನ್ನ ಚರ್ಮ ಹಾಸ್ತೀನಿ!"

ಬೇಸಿಗೆ ಮುಗಿಯುತ್ತ ಬಂದಿತ್ತು. ಕಟ್ಟೆಯ ನೀರು ಇಳಿದು ಅಂಚಿನಲ್ಲೆಲ್ಲ ಅಂಟುಕೆಸರು. ಹೊತ್ತು ಇಳಿಯತೊಡಗಿದಾಗ ಕ್ಲೈವ್ ಚರ್ಮ ಹೊದ್ದು, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು, ಅಂಬೆಗಾಲಿಡುತ್ತ ಅದರೊಳಗೆ ಇಳಿದ. ಕೆಸರು ಮೊದಲು ಮಂಡಿಗೆ ಬಂತು, ಆಮೇಲೆ ತೊಡೆಗೆ. ಇರಲಿ! ಬಾತುಗಳು ಓಡಲಿಲ್ಲ. ಬೆಳ್ಳಕ್ಕಿಯೊಂದು ಬಂದು ಬೆನ್ನ ಮೇಲೇ ಕೂತು, ಅಪ್ಪಟ ಹಸುವೆಂದು ಮೊಹರನ್ನೂ ಒತ್ತಿ ಹೋಯಿತು. ಸೊಳ್ಳೆಗಳು ಕಿವಿಯಲ್ಲಿ ಕಚೇರಿ ನಡೆಸಿದವು. ಕ್ಲೈವ್ ಅಲುಗಲಿಲ್ಲ.

ಕಡೆಗೂ ನೀರು ಉಂಗುರ ಉಂಗುರವಾಗಿ ಬಿಚ್ಚಿಕೊಂಡಿತು. ಮಾರು ದೂರದಲ್ಲಿ ಕಪ್ಪು ಕೊಕ್ಕು ಮೇಲೆದ್ದಿತು! ಕ್ಲೈವ್ ಮೆಲ್ಲಗೆ ಕೊರಳ ಕ್ಯಾಮೆರಾಕ್ಕೆ ಕೈ ಹಾಕಿದ.

ಅದೇ ಹೊತ್ತಿಗೆ ಬೇಲಿಯಾಚೆ ಲಿಂಡ್ಸೆ ಗೇಟು ಹಾಕಲು ಬಂದಿದ್ದ. ಬೇಸಿಗೆಯ ಕೊನೆಯಲ್ಲಿ ಕಟ್ಟೆಯ ಕೆಸರಿನಲ್ಲಿ ದನ ಹೂತಿದ್ದು ಕಂಡರೆ, ಅದು ಯಾರದೆಂದು ಆ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಟ್ರ್ಯಾಕ್ಟರ್ ತಂದು ಎಳೆಯುವುದೇ ನೆರೆಹೊರೆಯ ಧರ್ಮ. ಲಿಂಡ್ಸೆ ತಂಗಿಗೆ ಫೋನು ಮಾಡಿದ: "ಗ್ಲೆನಿಸ್, ನಿಮ್ಮ ಹಸು ಹೂತೋಗಿದೆ! ಕ್ಲೈವ್ ಎಲ್ಲಿ ಸತ್ತ?"

"ಅಲ್ಲೇ ಎಲ್ಲೋ ಇದಾನೆ. ಬಂದೆ ತಾಳು!"

ಟ್ರ್ಯಾಕ್ಟರಿನ ಗುಡುಗು ಹತ್ತಿರ ಬಂತು. ಕ್ಲೈವನಿಗೆ ಬಿಸಿತುಪ್ಪ, ಉಗುಳುವಂತಿಲ್ಲ ನುಂಗುವಂತಿಲ್ಲ! ಕೂಗಿದರೆ ಪ್ಲಾಟಿಪಸ್ ಹೋಯಿತು, ಸುಮ್ಮನಿದ್ದರೆ ಮಾನ ಹೋಯಿತು. ರಿಬ್ಬನ್ ನೆನಪಾಗಿ ಸುಮ್ಮನಿದ್ದ. ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದ.

"ಹೆದರಬೇಡ ಪುಟ್ಟೀ, ಬಂದೆ ಬಂದೆ," ಎನ್ನುತ್ತ ಲಿಂಡ್ಸೆ ಹಿಂದಿನಿಂದ ದಪ್ಪ ಪಟ್ಟಿಯ ಕುಣಿಕೆ ಎಸೆದು ಬಿಗಿದ. "ಅಯ್ಯೋ, ಬಾಲಾನೂ ಕಿತ್ತೋಗಿದೆಯಲ್ಲೋ ಪಾಪ!"

ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ನೋಡಲು ಅವನು ದಡದ ಮೇಲೆ ಪಕ್ಕಕ್ಕೆ ಬಂದ. ಅವನ ಬೂಟಿಗೆ ಅಂಚಿನ ಕೆಸರು ಕಲಕಿದ್ದೇ ತಡ, ಹುಳುಗಳ ಆಸೆಗೆ ಪ್ಲಾಟಿಪಸ್ ಕ್ಲೈವನಿಗೆ ಬೆನ್ನು ತಿರುಗಿಸಿ ನೇರ ಲಿಂಡ್ಸೆಯ ಕಾಲ ಬಳಿ ಹೋಗಿ ತಲೆ ಎತ್ತಿತು! "ಅರೆ, ನೀನೆಲ್ಲಿದ್ದೆ?" ಎಂದ ಲಿಂಡ್ಸೆ ಫೋನು ತೆಗೆದ. ಕ್ಲಿಕ್. ಅಷ್ಟೇ. ಫೋನು ಜೇಬಿಗೆ, ಲಿಂಡ್ಸೆ ಟ್ರ್ಯಾಕ್ಟರಿಗೆ.

"ನಿಲ್ಲಿಸೋ ಮುಟ್ಠಾಳ!" ಎಂದು ಹಸು ಕಿರುಚುವುದಕ್ಕೂ ಟ್ರ್ಯಾಕ್ಟರ್ ಜಗ್ಗುವುದಕ್ಕೂ ಸರಿಹೋಯಿತು.

ಗ್ಲೆನಿಸ್ ಓಡಿಬಂದಾಗ ಗಂಡ ದಡದ ಮೇಲೆ ಅಂಗಾತ ಬಿದ್ದಿದ್ದ. ಒಂದು ಬೂಟು, ಇಡೀ ಪ್ಯಾಂಟು ಮತ್ತು ಕ್ಯಾಮೆರಾ ಕಟ್ಟೆಯ ಪಾಲಾಗಿದ್ದವು. ಅವಳು ಮೊದಲು ನೋಡಿದ್ದು ಚರ್ಮವನ್ನು. ಕ್ಲೈವನದಲ್ಲ.

"ನಾನು ಹೂತಿರ್ಲಿಲ್ಲ! ಬೇಕಂತಲೇ ಕೂತಿದ್ದೆ!"

"ಹಂಗಾದ್ರೆ ಎದ್ದು ಬರೋಕಾಗ್ತಿತ್ತಾ?" ಎಂದ ಲಿಂಡ್ಸೆ.

ಆಗುತ್ತಿರಲಿಲ್ಲ. ಕೆಸರು ಅಷ್ಟರಲ್ಲಿ ಸೊಂಟಕ್ಕೆ ಬಂದಿತ್ತು. ಹೊಟ್ಟೆಯುರಿಯ ಮಾತೆಂದರೆ ಇದೇ! ಬೈಯಬೇಕಾದವನಿಗೇ ಪ್ರಾಣ ಉಳಿಸಿದ್ದಕ್ಕೆ ಕೃತಜ್ಞತೆ ಹೇಳಿ, ಕೂರಿಸಿ, ಬಿಯರು ಕುಡಿಸಬೇಕಾಯಿತು.

ಪ್ರದರ್ಶನದ ದಿನ ಕ್ಲೈವ್ ಹೋಗುವುದಿಲ್ಲವೆಂದು ಹಟ ಹಿಡಿದ. ಗ್ಲೆನಿಸ್ ಎಳೆದೊಯ್ದಳು. ಫೋಟೋಗಳ ಗುಡಾರದಲ್ಲಿ ಲಿಂಡ್ಸೆಯ ಫೋಟೋಕ್ಕೆ ನೀಲಿ ರಿಬ್ಬನ್ ತೂಗುತ್ತಿತ್ತು. ಮುಂದುಗಡೆ ಸಂಜೆಬಿಸಿಲಲ್ಲಿ ಮಿರಮಿರ ಮಿನುಗುವ ಪ್ಲಾಟಿಪಸ್. ಹಿಂದುಗಡೆ ಮಸುಕಾಗಿ, ಬೆಳ್ಳಕ್ಕಿಯ ಹಿಕ್ಕೆ ಸಮೇತ, ಕಂದು ಬಿಳಿ ಮಚ್ಚೆಯ ಒಂದು ಬೆನ್ನು. ಕೆಳಗೆ ತೀರ್ಪುಗಾರರ ಚೀಟಿ: "ಪ್ಲಾಟಿಪಸ್ ಬಹಳ ಚೆನ್ನಾಗಿದೆ. ಹಿಂದಿರುವ ಹಸು ಚಿತ್ರವನ್ನು ಕೆಡಿಸಿದೆ. ಮುಂದಿನ ಸಲ ಅದನ್ನು ಓಡಿಸಿ ತೆಗೆಯಿರಿ."

"ಕೆಡಿಸಿದೆಯಾ?" ಕ್ಲೈವ್ ಗುಡಾರ ಅದುರುವಂತೆ ಅರಚಿದ. "ಆ ಹಸು ಪಟ್ಟ ಪಾಡು ನಿಮಗೇನ್ರೀ ಗೊತ್ತು? ಅದಿಲ್ದಿದ್ರೆ ಫೋಟೋನೇ ಇರ್ತಿರ್ಲಿಲ್ಲ!"

ತೀರ್ಪುಗಾರರ ಮೇಜಿನ ಹಿಂದೆ ಕೂತಿದ್ದ ಹೆಂಗಸು ಬೆಚ್ಚಿ ಕನ್ನಡಕ ಸರಿಪಡಿಸಿಕೊಂಡಳು. "ಯಾರ ಹಸು ಅದು?"

"ನಂದೇ," ಎಂದಳು ಗ್ಲೆನಿಸ್, ಗಂಡನ ರಟ್ಟೆ ಹಿಡಿದು ಬಾಗಿಲ ಕಡೆಗೆ ಎಳೆಯುತ್ತ. "ಹಾಲಂತೂ ಕೊಡಲ್ಲ. ಕೂಗಾಟ ಮಾತ್ರ ಜಾಸ್ತಿ."