ತೋಪು ಆಚೆ, ಸಂತೋಷ ಈಚೆ

ಬಹಳ ಹಿಂದೆ, ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಜನ ನಂಬುತ್ತಿದ್ದ ಕಾಲದಲ್ಲಿ, ಸುಖಾವತಿ ಎಂಬ ರಾಜ್ಯವಿತ್ತು. ಅಲ್ಲಿ ಕೌದಿ ಹೊಲಿದು ಬದುಕುವ ಗುರುಶಾಂತವ್ವ ಬಾಡಿಗೆ ಮನೆಯಲ್ಲಿದ್ದಳು. "ಯುಗಾದಿಯೊಳಗ ಮನಿ ನೀನ ತಗೋ, ಇಲ್ಲಾಂದ್ರ ಖಾಲಿ ಮಾಡು" ಎಂದಿದ್ದ ಮನೆಯೊಡೆಯ. ಹೊಳೆಯಾಚೆಯ ಶಾಂತಾವತಿ ರಾಜ್ಯದಲ್ಲಿ ಅವಳಿಗೆ ತವರಿನಿಂದ ಬಂದ ಹುಣಸೆ ತೋಪಿತ್ತು. ಅದನ್ನು ಮಾರಿ, ಲಾಭದ ಮೇಲಿನ ತೆರಿಗೆಯನ್ನು ಅಲ್ಲಿಯೇ ಕಟ್ಟಿದಳು. ಉಳಿದದ್ದು ಮನೆಗೆ ಸರಿಹೋಗುತ್ತಿತ್ತು. ಊರಿಗೆ ಬಂದು ಪದ್ಧತಿಯಂತೆ ಓಣಿಗೆಲ್ಲ ಪೇಢೆ ಹಂಚಿದಳು. ಕೆಟ್ಟಿದ್ದು ಆ ಪೇಢೆಯಿಂದ.

ಮರುದಿನವೇ ಆಸ್ಥಾನದಿಂದ ಕರೆ ಬಂತು. ಸಿಂಹಾಸನದ ಮೇಲೆ ಮಹಾರಾಜ ದಿಗಂತಕೀರ್ತಿ. ಪಕ್ಕದಲ್ಲಿ ಪ್ರೆಸೆಂಟೇಷನ್ ಸಮೇತ ಖಜಾನೆ ಮಂತ್ರಿ.

"ತೋಪು ನಮ್ಮ ನೆಲದ್ದಲ್ಲವಲ್ಲ?" ಎಂದರು ಪ್ರಭುಗಳು, ಅಪರೂಪಕ್ಕೆ ಅನುಮಾನಿಸಿ.

"ಮಣ್ಣು ಅವರದು, ಪ್ರಭು. ಆದರೆ ಲಾಭವೆಂದರೆ ಸಂತೋಷ. ಆಕೆ ಸಂತೋಷಪಟ್ಟಿದ್ದು ಇಲ್ಲಿ. ನಮ್ಮ ರಸ್ತೆ, ನಮ್ಮ ಬೀದಿದೀಪ, ತಮ್ಮ ಭಾವಚಿತ್ರ, ಇಷ್ಟೆಲ್ಲ ಮೂಲಸೌಕರ್ಯ ಬಳಸಿಕೊಂಡೇ ಆಕೆ ನಕ್ಕಿದ್ದಾಳೆ. ಅದಕ್ಕೆ ಸಂತೋಷ ಸುಂಕ ಕಟ್ಟಬೇಕು."

"ನಾವೂ ಹಾಗೆಯೇ ಯೋಚಿಸಿದ್ದೆವು" ಎಂದರು ಪ್ರಭುಗಳು.

ಗುರುಶಾಂತವ್ವ ಕೈಮುಗಿದಳು. "ತೆರಿಗಿ ಅಲ್ಲೇ ಕಟ್ಟಿ ಬಂದೀನ್ರಿ ಯಪ್ಪಾ. ಅದನ್ನರ ಇದರಾಗ ಮುರಕೊಳ್ರಿ."

"ಮುರಿದುಕೊಳ್ಳುವ ಯೋಜನೆಯೇ ಇದೆ ತಾಯಿ" ಎಂದರು ಮಂತ್ರಿಗಳು. "ಆದರೆ ಶಾಂತಾವತಿಯನ್ನು ನಾವಿನ್ನೂ ರಾಜ್ಯವೆಂದು ಮಾನ್ಯ ಮಾಡಿಲ್ಲ. ಇಲ್ಲದ ರಾಜ್ಯಕ್ಕೆ ಕಟ್ಟಿದ್ದು ದಾನ. ದಾನಕ್ಕೆ ಪುಣ್ಯವುಂಟು, ರಿಯಾಯಿತಿ ಇಲ್ಲ."

"ಎರಡೂ ಕಡೆ ಕೊಟ್ಟರ ಮನಿ ಹ್ಯಾಂಗ ತಗೊಳ್ಳಲ್ರಿ? ನನಗೇನೂ ಸಂತೋಷ ಉಳದಿಲ್ಲ. ಹಾನಿ ಆಗೈತಿ."

ಮಂತ್ರಿಗಳ ಮುಖ ಅರಳಿತು. "ಹಾನಿಯೋ? ಅದು ಮಣ್ಣಿಗೆ ಅಂಟಿದ್ದು. ಅರ್ಜಿಯನ್ನು ಶಾಂತಾವತಿಯಲ್ಲೇ ಹಾಕಬೇಕು."

"ಇಲ್ಲದ ರಾಜ್ಯದಾಗೇನ್ರಿ?"

"ಹಾನಿಯ ಮಟ್ಟಿಗೆ ಅದು ಇದೆ."

ಆಸ್ಥಾನ ಭೇಷ್ ಎಂದಿತು. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರೆ. ಈ ಬಡಪಾಯಿಗೆ ಎರಡೂ ಕಡೆ ಪುಲಿಯೇ. ಸಂತೋಷ ಸುಂಕ ಕಟ್ಟಿದಳು. ಮನೆಯನ್ನು ಮಂತ್ರಿಗಳ ಅಳಿಯ ಕೊಂಡುಕೊಂಡ.

ಸುಂಕದ ಸುದ್ದಿ ಕೇಳಿ ಶಾಂತಾವತಿಯ ರಾಜನಿಗೂ ಆಸೆಯಾಗಿ, ಅವನೂ ಅದನ್ನೇ ಜಾರಿಗೆ ತಂದ. ಕೃತಜ್ಞತೆಗಾಗಿ ದಿಗಂತಕೀರ್ತಿಗೆ 'ಸಂತೋಷ ಸಾರ್ವಭೌಮ' ಎಂಬ ಬಿರುದನ್ನೂ ಕಿರೀಟವನ್ನೂ ಕಳಿಸಿದ. ಕಿರೀಟ ಉಚಿತ, ಸಾಗಣೆಯ ಖರ್ಚು ಮಾತ್ರ ಸುಖಾವತಿಯ ಪ್ರಜೆಗಳದು.

ಯುಗಾದಿಯ ದಿನ ಗುರುಶಾಂತವ್ವ ಗಂಟುಮೂಟೆ ಹೊತ್ತು ಓಣಿ ಬಿಟ್ಟಳು. ಕಿರೀಟದ ಮೆರವಣಿಗೆ ದಾರಿಗೆ ಅಡ್ಡ ಬಂತು. "ಚಪ್ಪಾಳಿ ತಟ್ಟವಾ" ಎಂದ ಒಬ್ಬ ಭಟ.

"ತಟ್ಟಿದರ ಸಂತೋಷ ಅಂತ ಸುಂಕ ಹಾಕ್ತೀರೇನಪಾ?"

"ಹಾಕ್ತೀವಿ. ತಟ್ಟದಿದ್ದರ ದಂಡ ಹಾಕ್ತೀವಿ."

ಎರಡರಲ್ಲಿ ಯಾವುದು ಅಗ್ಗವೆಂದು ಕೇಳಿ ತಿಳಿದುಕೊಂಡು, ಗಂಟನ್ನು ಕೆಳಗಿಟ್ಟು, ಅವಳು ಚಪ್ಪಾಳೆ ತಟ್ಟಿದಳು.